ಹತ್ತು ಎಣಿಸುವಷ್ಟು ಹೊತ್ತು

ಹೊಳೆಯ ದಡದಲ್ಲಿ ಅಣ್ಣಪ್ಪ ದೇವಾಡಿಗರದೊಂದು ಚಪ್ಪರ. ಆರು ಕಂಬ, ತಗಡಿನ ಮಾಡು, ಮಣ್ಣಿನ ನೆಲ. ಅಲ್ಲಿ ಅವರು ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುತ್ತಿದ್ದರು.

ಹೊರಗೆ ಹೆಸರಿನ ಬೋರ್ಡು ಇರಲಿಲ್ಲ. ಕಲಿಯಬೇಕೆನ್ನುವವರಿಗೆ ದಾರಿ ತಾನಾಗಿ ಸಿಗುತ್ತದೆ ಎಂದು ಗುರುಗಳು ಗಂಭೀರವಾಗಿ ಹೇಳುತ್ತಿದ್ದರು. ನಿಜವಾದ ಕಾರಣ ಬೋರ್ಡು ಬರೆಸುವ ಸೋಮಾರಿತನ ಎಂದು ಊರಿಗೆಲ್ಲ ಗೊತ್ತಿತ್ತು.

ಕಲಿಯಲು ಬರುತ್ತಿದ್ದವರಲ್ಲಿ ರಮಿತಾ ಒಬ್ಬಳು. ಒಂಬತ್ತನೇ ಕ್ಲಾಸಿನ ಹುಡುಗಿ. ತಾಯಿ ಗುಲಾಬಿ ಗೇರುಬೀಜದ ಕಾರ್ಖಾನೆಗೆ ಹೋಗುವವಳು. ರಮಿತಾ ಏಳು ವರ್ಷದಿಂದ ಕುಣಿಯುತ್ತಿದ್ದಳು, ಒಂದು ದಿನವೂ ತಪ್ಪಿಸಿದವಳಲ್ಲ.

ಪುಷ್ಯ ಮಾಸದಲ್ಲಿ ಮಕ್ಕಳ ಯಕ್ಷಗಾನದ ಆಟ. ಅದರಲ್ಲಿ ಬಾಲವೀರನ ವೇಷ ಅವಳಿಗೆಂದು ಗುರುಗಳು ಹೇಳಿಬಿಟ್ಟಿದ್ದರು. ಆ ಚಪ್ಪರದಲ್ಲಿ ಅದುವರೆಗೆ ಯಾವ ಹುಡುಗಿಗೂ ಆ ವೇಷ ಸಿಕ್ಕಿರಲಿಲ್ಲ. ಸುದ್ದಿ ಕೇಳಿದ ದಿನ ರಮಿತಾ ಮನೆಗೆ ನಡೆದುಕೊಂಡು ಹೋಗಲಿಲ್ಲ, ಓಡಿದಳು.

ಬಾಲವೀರನೆಂದರೆ ಜನ ಕಾಯುವುದು ಮಂಡಿಗೆ. ಎರಡೂ ಮೊಣಕಾಲು ನೆಲಕ್ಕೂರಿ ರಂಗದ ತುಂಬ ಗಿರಗಿರನೆ ತಿರುಗುವ ಕುಣಿತ ಅದು. ಹತ್ತು ಸುತ್ತು ಬಂದರೆ ಚಪ್ಪಾಳೆ, ಇಪ್ಪತ್ತು ಬಂದರೆ ಶಿಳ್ಳೆ. ರಮಿತಾ ಇಪ್ಪತ್ತೆರಡು ಹಾಕುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಎಲ್ಲರೂ ಕುಣಿದು ಸುಸ್ತಾಗಿದ್ದರು. ಗುರುಗಳು ಕೋಲಿನಿಂದ ಹಲಗೆ ಬಡಿದು ಇನ್ನೊಂದು ಸಲ ಎಂದರು.

ರಮಿತಾಳ ಬಲಪಾದ ನೆಲಕ್ಕೆ ಊರಿತ್ತು. ಮೈ ಎಡಕ್ಕೆ ತಿರುಗಿತು, ಪಾದ ತಿರುಗಲಿಲ್ಲ. ಮೊಣಕಾಲಿನೊಳಗೆ ಏನೋ ಟಕ್ ಎಂದಿತು. ಅವಳು ಕೂತುಬಿಟ್ಟಳು.

ನೋಡಿದರೆ ಮೊಣಕಾಲಿನ ಚಿಪ್ಪು ಅದರ ಜಾಗದಲ್ಲಿ ಇರಲಿಲ್ಲ. ಹೊರಬದಿಗೆ ಸರಿದು ಗಂಟಿನ ಹಾಗೆ ಉಬ್ಬಿತ್ತು.

ಯಾರೋ ಒತ್ತಿ ಕೂರಿಸೋಣ ಎಂದರು. ಇನ್ನು ಯಾರೋ ಎಣ್ಣೆ ತರಲು ಹೊರಟರು. ಗುರುಗಳು ಇಬ್ಬರನ್ನೂ ಗದರಿ ಕೂರಿಸಿ, ಕಾಲು ಹೇಗಿತ್ತೋ ಹಾಗೆಯೇ ಕೆಳಗೆ ದಿಂಬು ಕೊಟ್ಟು, ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ಕಾಲನ್ನು ಮೆಲ್ಲಗೆ ನೇರ ಮಾಡುತ್ತಿದ್ದಂತೆ ಚಿಪ್ಪು ಸ್ವಸ್ಥಾನಕ್ಕೆ ಬಂತು. ಎಲುಬು ಮುರಿದಿರಲಿಲ್ಲ. ಮೂರು ವಾರ ಮೊಣಕಾಲಿಗೆ ಬೆಲ್ಟು, ಆಮೇಲೆ ವ್ಯಾಯಾಮ. ಈ ವಯಸ್ಸಿನಲ್ಲಿ ಒಮ್ಮೆ ಜಾರಿದ ಚಿಪ್ಪು ಮತ್ತೆ ಜಾರುವುದುಂಟು, ತೊಡೆ ಗಟ್ಟಿಯಾದಷ್ಟೂ ಅದನ್ನು ಹಿಡಿದಿಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು.

ಗುಲಾಬಿ ಕಾರ್ಖಾನೆಯ ಬಟ್ಟೆಯಲ್ಲೇ ಬಂದಳು. ಮಗಳ ಕಾಲು ನೋಡಿದಳು, ಗುರುಗಳ ಮುಖ ನೋಡಿದಳು. ಇನ್ನು ಕುಣಿತ ಸಾಕು ಎಂದಳು.

ಗುರುಗಳು ವಾದ ಮಾಡಲಿಲ್ಲ. ಆ ತಾಯಿಯ ಮುಂದೆ ವಾದ ಮಾಡಲು ಅವರಿಗೆ ಮುಖ ಇರಲಿಲ್ಲ.

ವಾರ ಕಳೆದ ಮೇಲೆ ರಮಿತಾ ಊರುಗೋಲು ಹಿಡಿದು ಚಪ್ಪರದ ಹೊರಗೆ ನಿಂತಳು. ಅಮ್ಮನನ್ನು ಹೇಗೋ ಒಪ್ಪಿಸಿದ್ದಳು. ಆಸ್ಪತ್ರೆಯ ಫಿಸಿಯೋ ಮೇಡಂ ಆಗಬಹುದು ಎನ್ನುವವರೆಗೆ ಕುಣಿಯುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದಳು.

"ಗುರುಗಳೇ, ನನ್ನ ವೇಷ ಬೇರೆಯವರಿಗೆ ಕೊಡ್ತೀರಾ?"

"ಪುಷ್ಯಕ್ಕೆ ಇನ್ನೂ ಆರು ತಿಂಗಳುಂಟು."

"ಅಷ್ಟರವರೆಗೆ ನಾನೆಂತ ಮಾಡ್ಲಿ?"

"ರಜೆ ಸಿಕ್ಕಿದ್ದು ಒಂದು ಕಾಲಿಗೆ. ಉಳಿದದ್ದೆಲ್ಲ ಒಳಗೆ ಬರ್ಲಿ."

ಅವಳು ಒಳಗೆ ಬಂದು ಕೂತಳು. ದಿನಾ ಬಂದಳು. ಉಳಿದವರು ಕುಣಿಯುವಾಗ ಅವಳು ಕೈಯಲ್ಲಿ ತಾಳ ಹಾಕುತ್ತಿದ್ದಳು, ಮಾತುಗಾರಿಕೆ ಕಲಿಯುತ್ತಿದ್ದಳು. ಬೇರೆಯವರು ಮಂಡಿ ಹಾಕುವಾಗ ಮಾತ್ರ ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದಳು. ನೋಡಲು ಆಗುತ್ತಿರಲಿಲ್ಲ.

ಬೆಲ್ಟು ಬಿಚ್ಚಿದ ಮೇಲೆ ಫಿಸಿಯೋ ಲವೀನಾ ಮೇಡಂ ವ್ಯಾಯಾಮ ಹೇಳಿಕೊಟ್ಟರು. ಟವೆಲು ಸುತ್ತಿ ಮೊಣಕಾಲಿನ ಕೆಳಗಿಟ್ಟು, ತೊಡೆ ಬಿಗಿಮಾಡಿ ಅದನ್ನು ಒತ್ತಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಕಾಲು ನೇರ ಎತ್ತಿ ಹತ್ತು ಎಣಿಸುವವರೆಗೆ ನಿಲ್ಲಿಸಬೇಕು.

ಮೊದಮೊದಲು ಒತ್ತಿದರೆ ನೋವಾಗುತ್ತಿತ್ತು. ಆದರೂ ರಮಿತಾ ಮಾಡಿದಳು. ಏಳು ವರ್ಷ ಕುಣಿತ ತಪ್ಪಿಸದವಳು ಇದನ್ನು ತಪ್ಪಿಸುತ್ತಾಳೆಯೇ? ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಶಾಲೆಯಿಂದ ಬಂದ ಕೂಡಲೇ, ಊಟಕ್ಕೆ ಕೂರುವ ಮುಂಚೆ, ಮೂರು ಹೊತ್ತೂ ಮಾಡಿದಳು.

ಐದು ವಾರ ಆಯಿತು. ಲವೀನಾ ಮೇಡಂ ಟೇಪು ಹಿಡಿದು ಎರಡೂ ತೊಡೆ ಅಳೆದರು. ಬಲದ ತೊಡೆ ಎಡದ್ದಕ್ಕಿಂತ ಮೂರು ಸೆಂಟಿಮೀಟರು ಕಡಿಮೆ. ಮೊದಲ ದಿನವೂ ಅಷ್ಟೇ ಇತ್ತು.

ಮನೆಯಲ್ಲಿ ಸರಿಯಾಗಿ ಮಾಡುತ್ತಿಲ್ಲ ಅಲ್ಲವಾ ಎಂದು ಮೇಡಂ ಕೇಳಿದರು. ಬೈಯಲಿಲ್ಲ. ಈ ವಯಸ್ಸಿನ ಮಕ್ಕಳು ಮಾಡುವುದಿಲ್ಲ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಹೀಗೇ ಆದರೆ ಪುಷ್ಯಕ್ಕೆ ಕುಣಿಯುವ ಮಾತೇ ಬೇಡ ಎಂದರು.

ರಮಿತಾ ಅತ್ತಳು. ದೇವರಾಣೆ ಮಾಡಿದ್ದೇನೆ ಎಂದಳು. ಗುಲಾಬಿಯೂ ಹೌದು ಎಂದಳು. ಮೇಡಂ ತಲೆ ಆಡಿಸಿದರು, ನಂಬಿದ ಹಾಗೆ ಕಾಣಲಿಲ್ಲ.

ಆ ಸಂಜೆ ಅವಳು ನೇರ ಚಪ್ಪರಕ್ಕೆ ಬಂದಳು. ಪಾಠ ಮುಗಿದು ಎಲ್ಲರೂ ಹೋಗಿದ್ದರು. ಗುರುಗಳು ಒಬ್ಬರೇ ಗೆಜ್ಜೆಯ ದಾರ ಬದಲಿಸುತ್ತಾ ಕೂತಿದ್ದರು.

"ಗುರುಗಳೇ, ಎಷ್ಟು ಮಾಡಿದ್ರೂ ನನ್ನ ಕಾಲಿಗೆ ಬಲ ಬರೂದಿಲ್ಲ."

"ಹೇಗೆ ಮಾಡ್ತೀ?"

"ಅವರು ಹೇಳಿದ ಹಾಗೇ."

"ಮಾಡಿ ತೋರ್ಸು."

ಅವಳು ಶಾಲು ಸುತ್ತಿ ಮೊಣಕಾಲಿನ ಅಡಿಗಿಟ್ಟಳು. ತೊಡೆ ಬಿಗಿಮಾಡಿ ಒತ್ತಿದಳು. ತುಟಿ ಅಲುಗಿತು. ಬಿಟ್ಟಳು. ಮತ್ತೆ ಒತ್ತಿದಳು. ಮತ್ತೆ ತುಟಿ ಅಲುಗಿತು. ಮತ್ತೆ ಬಿಟ್ಟಳು.

"ಹತ್ತು ಆಯ್ತಾ?"

"ಆಯ್ತು."

"ನಂಗೆ ಕೇಳೂ ಹಾಗೆ ಎಣಿಸು."

ಅವಳು ಎಣಿಸಿದಳು. ಹತ್ತೂ ಒಂದೇ ಉಸಿರಿನಲ್ಲಿ ಮುಗಿದುಹೋಯಿತು. ದ್ರುತದಲ್ಲಿ ಹೆಜ್ಜೆ ಎಣಿಸುವ ವೇಗ ಅದು. ಏಳು ವರ್ಷ ಅವಳು ಹತ್ತು ಎಂದು ಎಣಿಸಿದ್ದೇ ಹಾಗೆ. ಮೇಡಂ ಹತ್ತು ಎಣಿಸು ಎಂದಿದ್ದರು. ಯಾವ ಕಾಲದಲ್ಲಿ, ಎಷ್ಟು ನಿಧಾನಕ್ಕೆ ಎಂದು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ಇವಳಿಗೂ ಹೊಳೆದಿರಲಿಲ್ಲ.

ಗುರುಗಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ರಮಿತಾ ಮುಖ ಊದಿಸಿಕೊಂಡಳು.

ಆಮೇಲೆ ಅವರು ಹಲಗೆಯನ್ನೂ ಕೋಲನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಈಗ ನನ್ನ ಕೋಲಿಗೆ ಎಣಿಸು. ಕೋಲು ಬೀಳದೆ ಎಣಿಸ್ಬೇಡ."

ಅವಳು ತೊಡೆ ಬಿಗಿಮಾಡಿದಳು. ಕೋಲು ಬಿತ್ತು. ಒಂದು.

ಹೊಳೆಯಾಚೆಯಿಂದ ಯಾರೋ ಯಾರನ್ನೋ ಕರೆದರು. ಕೋಲು ಬಿತ್ತು. ಎರಡು.

ನಾಲ್ಕಕ್ಕೆ ತೊಡೆ ಬಿಸಿಯಾಯಿತು. ಆರಕ್ಕೆ ನಡುಗಲು ಶುರುವಾಯಿತು. ಎಂಟಕ್ಕೆ ಅವಳ ಹಣೆಯಲ್ಲಿ ಬೆವರು. ಗುರುಗಳ ಕೋಲು ಅವಸರ ಮಾಡಲಿಲ್ಲ.

ಹತ್ತು ಎಂದವಳೇ ಅವಳು ಬಿಟ್ಟು ಹಿಂದಕ್ಕೆ ಒರಗಿದಳು.

"ಎಷ್ಟಾಯ್ತು?"

"ಹತ್ತು."

"ಮೊದ್ಲು ಎಷ್ಟು ಮಾಡಿದ್ದಿ?"

ರಮಿತಾ ಮೊಣಕಾಲಿನ ಅಡಿಯ ಶಾಲನ್ನು ಎಳೆದು ಬಿಡಿಸತೊಡಗಿದಳು.

"ಐದು ವಾರ ಹಾಳಾಯ್ತಲ್ಲ ಗುರುಗಳೇ" ಎಂದಳು ಕೊನೆಗೆ. ಅವಳ ಕಣ್ಣು ಮತ್ತೆ ತುಂಬಿತು.

ಈಗ ಗುರುಗಳು ನಗಲಿಲ್ಲ. ಕೋಲನ್ನು ಕೆಳಗಿಟ್ಟರು.

"ಆ ಲೆಕ್ಕ ನಿಂಗೆ ಕಲ್ಸಿದವ ನಾನು. ಬೇಗ ಬೇಗ ಅಂತ ಏಳು ವರ್ಷ ಹಲಗೆ ಬಡ್ದೆ. ಆ ದಿನ ನಿಂಗೆ ಸುಸ್ತಾದದ್ದು ನಂಗೆ ಕಂಡಿತ್ತು. ಆದ್ರೂ ಇನ್ನೊಂದು ಸಲ ಅಂದೆ."

ಗುರುಗಳು ಹೀಗೆ ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ.

"ನಾಳೆಯಿಂದ ಬೆಳಿಗ್ಗೆ ಆರು ಗಂಟೆಗೆ ಬಾ. ಸಂಜೆದ್ದೂ ರಾತ್ರಿದ್ದೂ ಇದೇ ಕಾಲದಲ್ಲಿ ನೀನೇ ಎಣಿಸ್ಕೊ. ಬೆಳಿಗ್ಗೆದ್ದು ಇಬ್ರೂ ಮಾಡುವಾ."

ಮಾರನೇ ದಿನ ಗುರುಗಳು ಸ್ವತಃ ಲವೀನಾ ಮೇಡಂ ಹತ್ತಿರ ಹೋಗಿ, ತಪ್ಪು ಹುಡುಗಿಯದ್ದಲ್ಲ, ತಾಳದ್ದು ಎಂದು ವಿವರಿಸಿ ಬಂದರು. ಮೇಡಂ ಮೊದಲು ಕಣ್ಣು ಬಿಟ್ಟರಂತೆ, ಆಮೇಲೆ ಅವರೂ ನಕ್ಕರಂತೆ. ಇನ್ನು ಮುಂದೆ ಯಾವ ಮಗು ಬಂದರೂ ಮೊದಲು ಎಣಿಸಿ ತೋರಿಸಲು ಹೇಳುತ್ತೇನೆ ಎಂದರಂತೆ.

ಹೊಳೆಗೆ ಇಳಿಯುವ ಮೆಟ್ಟಿಲಲ್ಲಿ ಬೆಳಗಿನ ಅಭ್ಯಾಸ ನಡೆಯಿತು. ಎರಡು ವಾರ ಕಳೆದ ಮೇಲೆ ಒಂಟಿಕಾಲಲ್ಲಿ ನಿಲ್ಲುವ ವ್ಯಾಯಾಮ ಬಂತು. ಗುರುಗಳೂ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತರು. ಅರವತ್ತೆಂಟು ವರ್ಷದ ಮೈ, ನಾಲ್ಕು ಎಣಿಸುವಷ್ಟರಲ್ಲಿ ವಾಲಾಡಿ ಪಕ್ಕದ ಚಪ್ಪರದ ಕಂಬ ಹಿಡಿದುಕೊಂಡಿತು.

ಬಟ್ಟೆ ಒಗೆಯಲು ಬಂದ ಹೆಂಗಸರಿಗೆ ಪುಕ್ಕಟೆ ಮನರಂಜನೆ. ಈ ವಯಸ್ಸಿನಲ್ಲಿ ತಪಸ್ಸಾ ಎಂದು ಒಬ್ಬಳು ಕೇಳಿದಳು. ವರ ಕೇಳಲಿಕ್ಕೆ ಉಂಟು, ಸ್ವಲ್ಪ ಸುಮ್ಮನಿರು ಎಂದರು ಗುರುಗಳು.

ನಂತರ ಒಂದು ಮೆಟ್ಟಿಲಿನಿಂದ ಮೆಲ್ಲಗೆ ಇಳಿಯುವುದು. ಮೊಣಕಾಲು ಒಳಕ್ಕೆ ವಾಲಬಾರದು, ಪಾದದ ಬೆರಳ ನೇರಕ್ಕೇ ಬಾಗಬೇಕು. ಕುಣಿತದಲ್ಲಿ ಮೊಣಕಾಲು ಅರ್ಧ ಬಾಗಿಸಿ ಅರೆಮಂಡಿ ಕೂರುವಾಗ ಗುರುಗಳು ಹೇಳುತ್ತಿದ್ದದ್ದೂ ಅದನ್ನೇ. ಆಗ ರಮಿತಾ ಅದನ್ನು ಚಂದಕ್ಕೆ ಹೇಳುವುದು ಎಂದುಕೊಂಡಿದ್ದಳು.

ಕಾರ್ತಿಕ ಬಂತು. ನೋವು ಪೂರ್ತಿ ಹೋಯಿತು. ರಮಿತಾ ಶಾಲೆಯ ಮೆಟ್ಟಿಲು ಓಡಿ ಹತ್ತಿದಳು, ಏನೂ ಆಗಲಿಲ್ಲ. ಅದೇ ಉಮೇದಿನಲ್ಲಿ ಚಪ್ಪರಕ್ಕೆ ಬಂದಳು.

ಮಳೆಗಾಲ ಮುಗಿದ ಮೇಲೆ ಚಪ್ಪರದ ನೆಲ ಹೊಸತು ಮಾಡುವುದು ಅಲ್ಲಿಯ ಪದ್ಧತಿ. ಹಳೆಯ ಮಣ್ಣು ಕೆರೆದು, ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು ಸಮ ಮಾಡುತ್ತಾರೆ. ಆ ಕೆಲಸ ಮುಗಿದು ಮೂರು ದಿನವಾಗಿತ್ತು. ಗುರುಗಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

"ಗುರುಗಳೇ, ನೋವು ಎಲ್ಲಾ ಹೋಯ್ತು. ಇವತ್ತಿಂದ ಕುಣೀಲಾ? ಮೇಡಂಗೆ ಆಮೇಲೆ ಹೇಳಿದ್ರಾಯ್ತು."

ಗುರುಗಳು ನೆಲದ ಕಡೆ ಕೈ ತೋರಿಸಿದರು.

"ಒಣಗಿದ್ಯಾ ನೋಡು."

ಅವಳು ಬಗ್ಗಿ ಅಂಗೈ ಇಟ್ಟು ಸವರಿದಳು. ಬೆಚ್ಚಗೆ ಗಟ್ಟಿಯಾಗಿತ್ತು. ಕೈಗೆ ಧೂಳು ಕೂಡ ಅಂಟಿತು.

"ಒಣಗಿದೆ."

ಗುರುಗಳು ಎದ್ದು ಬಂದು ಆ ನೆಲದ ಮೇಲೆ ನಿಂತು ಹಿಮ್ಮಡಿ ಊರಿ ಒಮ್ಮೆ ತಿರುಗಿದರು. ಮೇಲಿನ ಪದರ ಬಿರಿದು ಹಿಮ್ಮಡಿ ಎರಡು ಬೆರಳು ಒಳಗೆ ಹೋಯಿತು. ಅಡಿಯಲ್ಲಿ ಮಣ್ಣು ಇನ್ನೂ ಹಸಿ.

ರಮಿತಾ ಆ ಕುಳಿಯನ್ನು ನೋಡುತ್ತಾ ನಿಂತಳು. ಗುರುಗಳು ಹೊಳೆಗೆ ಹೋಗಿ ಕಾಲು ತೊಳೆದುಕೊಂಡು ಬಂದರು.

ಆ ಕುಳಿ ಮುಚ್ಚುವ ಕೆಲಸ ಅವಳಿಗೇ ಬಿತ್ತು. ಮುಚ್ಚಿ ಬಡಿಯುವಾಗ ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಮರುದಿನ ಆರು ಗಂಟೆಗೆ ಮೆಟ್ಟಿಲಲ್ಲಿದ್ದಳು.

ಮಾರ್ಗಶಿರದ ಕೊನೆಗೆ ಲವೀನಾ ಮೇಡಂ ಮತ್ತೆ ಟೇಪು ಹಿಡಿದರು. ಎರಡೂ ತೊಡೆ ಹೆಚ್ಚುಕಡಿಮೆ ಸಮ. ಒಂಟಿಕಾಲಲ್ಲಿ ಹಾರಿಸಿದರು, ತಿರುಗಿಸಿದರು, ಓಡಿಸಿದರು. ಕುಣಿಯಬಹುದು ಎಂದರು. ಆದರೆ ಮಂಡಿ ಈ ವರ್ಷ ಬೇಡ, ಆಮೇಲಿನದ್ದು ಆಮೇಲೆ ನೋಡೋಣ ಎಂದರು.

ಗುಲಾಬಿ ಮೊದಲ ಬಾರಿಗೆ ಸಮಾಧಾನದ ಉಸಿರು ಬಿಟ್ಟಳು. ರಮಿತಾಳ ಮುಖ ಮಾತ್ರ ಬಾಡಿತು.

"ಮಂಡಿ ಇಲ್ಲದ್ದು ಎಂತ ವೇಷ ಗುರುಗಳೇ? ಜನ ಬರೂದೇ ಅದಕ್ಕೆ. ಬೇರೆಯವರಿಗೆ ಕೊಡಿ."

"ಆ ಬಾಲಕ ರಂಗಕ್ಕೆ ಬರೂದು ಎಂತಕ್ಕೆ?"

"ಯುದ್ಧಕ್ಕೆ."

"ಮಂಡಿ ಹಾಕ್ಲಿಕ್ಕೆ ಅಲ್ವಾ?"

ರಮಿತಾ ಕಾಲಿನ ಬೆರಳಿನಿಂದ ನೆಲ ಕೆರೆದಳು.

"ಅವ ಯುದ್ಧಕ್ಕೆ ಹೊರಟದ್ದು ಜನಕ್ಕೆ ಕಾಣ್ಬೇಕು. ಅದು ಕಾಣದಿದ್ರೆ ನೂರು ಸುತ್ತು ಹಾಕಿದ್ರೂ ಸುತ್ತಿದ್ದಷ್ಟೇ."

ಅಭ್ಯಾಸ ಶುರುವಾಯಿತು. ಮಂಡಿಯ ಜಾಗದಲ್ಲಿ ಗುರುಗಳು ನಿಧಾನದ ಹೆಜ್ಜೆಗಳನ್ನು ಇಟ್ಟರು. ಆರು ತಿಂಗಳು ಕೂತು ಕಲಿತ ಮಾತುಗಾರಿಕೆ ಅವಳ ನಾಲಿಗೆಯಲ್ಲಿ ಸಲೀಸಾಗಿ ಬಂತು. ನೋಡಿದವರು ಹುಡುಗಿ ಮೊದಲಿಗಿಂತ ಚಂದ ಕುಣಿಯುತ್ತಾಳೆ ಎಂದರು.

ಗುರುಗಳ ಕಣ್ಣಿಗೆ ಮಾತ್ರ ಒಂದು ಸಂಗತಿ ಬಿತ್ತು. ಅವಳು ಪ್ರತಿ ಸುತ್ತನ್ನೂ ಎಡಗಾಲಿನ ಮೇಲೆ ಸುತ್ತುತ್ತಿದ್ದಳು. ಬಲಗಾಲಿನ ಮೇಲೆ ತಿರುಗಬೇಕಾದ ಜಾಗ ಬಂದಾಗ ಒಂದು ಹೆಜ್ಜೆ ಮೆಲ್ಲಗೆ ನುಂಗಿ ಕಾಲು ಬದಲಿಸಿಬಿಡುತ್ತಿದ್ದಳು. ಎಷ್ಟು ನಾಜೂಕಾಗಿ ಮಾಡುತ್ತಿದ್ದಳೆಂದರೆ ಜೊತೆಯವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಗುರುಗಳು ತಿದ್ದಲಿಲ್ಲ. ಒಂದು ವಾರ ಕಾದರು. ಆಮೇಲೆ ಒಂದು ಮಧ್ಯಾಹ್ನ ಕೇಳಿದರು.

"ಬಲಗಾಲಿನ ಮೇಲೆ ಯಾಕೆ ತಿರುಗೂದಿಲ್ಲ?"

ಅವಳು ತಲೆ ತಗ್ಗಿಸಿದಳು. ಅಲ್ಲಿಗೆ ಬಂದಾಗ ಆ ಟಕ್ ಎಂಬ ಶಬ್ದ ಕೇಳುತ್ತದೆ ಎಂದಳು. ಕಾಲು ಗಟ್ಟಿ ಉಂಟು ಎಂದು ಗೊತ್ತು, ಮೇಡಂ ಹೇಳಿದ್ದಾರೆ, ಟೇಪು ಹೇಳಿದೆ, ಆದರೂ ಮನಸ್ಸು ಒಪ್ಪುವುದಿಲ್ಲ ಎಂದಳು. ಭಯ ಹೋದ ಮೇಲೆ ತಿರುಗುತ್ತೇನೆ, ಸ್ವಲ್ಪ ದಿನ ಕೊಡಿ ಎಂದಳು.

ಗುರುಗಳು ಆಗಲಿ ಎಂದರು. ಆದರೆ ವೇಷದ ಪ್ರವೇಶದ ಮೊದಲ ಸುತ್ತು ಬಲಗಾಲಿನದ್ದು. ಅದನ್ನು ಬದಲಿಸುವುದಿಲ್ಲ ಎಂದೂ ಹೇಳಿದರು.

ದಿನಗಳು ಹೋದವು. ಭಯ ಹೋಗಲಿಲ್ಲ.

ಪುಷ್ಯದ ಆಟ ಬಂತು. ಮಕ್ಕಳ ಆಟವಾದ್ದರಿಂದ ಮಧ್ಯಾಹ್ನ ಮೂರಕ್ಕೇ ಶುರು. ಚಪ್ಪರದ ಮುಂದೆ ಚಾಪೆ ಹಾಸಿದ್ದರು. ಗುಲಾಬಿ ಕಾರ್ಖಾನೆಗೆ ರಜೆ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಲವೀನಾ ಮೇಡಂ ಅವಳ ಪಕ್ಕದಲ್ಲಿದ್ದರು.

ಬಾಲವೀರ ಬರುವುದು ತೆರೆಯ ಹಿಂದಿನಿಂದ. ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಬಟ್ಟೆಯ ತೆರೆ. ಸಾಮಾನ್ಯವಾಗಿ ದೊಡ್ಡ ಮಕ್ಕಳು ಹಿಡಿಯುತ್ತಾರೆ. ಆ ದಿನ ಒಂದು ತುದಿಯನ್ನು ಗುರುಗಳೇ ಹಿಡಿದರು.

ರಮಿತಾ ತೆರೆಯ ಹಿಂದೆ ಬಂದು ನಿಂತಳು. ತಲೆಗೆ ಕೇದಗೆ ಮುಂದಲೆ, ಸೊಂಟಕ್ಕೆ ಕೆಂಪು ಕಸೆ, ಮುಖದ ತುಂಬ ಬಣ್ಣ. ಚೆಂಡೆ ಶುರುವಾಯಿತು.

ಪ್ರವೇಶದ ಜಾಗ ಬಂತು. ಅವಳು ಅಲುಗಲಿಲ್ಲ.

ಪದ ಹಾಡುವ ಭಾಗವತರು ಅನುಭವಸ್ಥರು. ಏನೂ ಆಗದವರಂತೆ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಚೆಂಡೆಯವರೂ ಅವರ ಹಿಂದೆಯೇ ತಿರುಗಿದರು. ಹೊರಗೆ ಕೂತ ಜನಕ್ಕೆ ಏನೂ ತಿಳಿಯಲಿಲ್ಲ.

"ಗುರುಗಳೇ" ಎಂದಳು ರಮಿತಾ ತಗ್ಗಿದ ದನಿಯಲ್ಲಿ. "ಭಯ ಇನ್ನೂ ಹೋಗ್ಲಿಲ್ಲ."

ಗುರುಗಳು ಅವಳನ್ನು ನೋಡಲಿಲ್ಲ. ತೆರೆಯನ್ನೇ ನೋಡುತ್ತಿದ್ದರು. ಏನೂ ಆಗುವುದಿಲ್ಲ ಹೋಗು ಎಂದು ಹೇಳುವುದು ಸುಲಭವಿತ್ತು. ಅವರು ಅದನ್ನು ಹೇಳಲಿಲ್ಲ.

"ಕಾಲು ಹೇಗುಂಟು?"

ಅವಳು ಬಲಪಾದವನ್ನು ಮುಂದಿಟ್ಟು ನಿಧಾನಕ್ಕೆ ಭಾರ ಹಾಕಿದಳು. ತೊಡೆ ಬಿಗಿಯಾಯಿತು. ಮೊಣಕಾಲು ಬೆರಳ ನೇರಕ್ಕೆ ಬಾಗಿ ನಿಂತಿತು.

"ಕಾಲು ಉಂಟು" ಎಂದಳು. "ಭಯವೂ ಉಂಟು."

ಪದ ಮತ್ತೆ ಪ್ರವೇಶದ ಹತ್ತಿರಕ್ಕೆ ಬರುತ್ತಿತ್ತು. ಗುರುಗಳು ತಮ್ಮ ಕೈಯಲ್ಲಿದ್ದ ತೆರೆಯ ತುದಿಯನ್ನು ಬಿಟ್ಟರು. ಹೊರಗಿನ ಬೆಳಕು ಅವಳ ಮುಖಕ್ಕೆ ಬಿತ್ತು.

"ಅದನ್ನೂ ಕರ್ಕೊಂಡು ಹೋಗು. ಹೆಜ್ಜೆ ಮಾತ್ರ ನೀನೇ ಹಾಕು."